ಅಪ್‌ಡೇಟ್: ದೋಣಿಯ ಅಂಚಿಗೆ ರೆಸಿನ್ ಏರುತ್ತಿದ್ದ ಸಮಸ್ಯೆ ಬಗೆಹರಿಯಿತು

ಇದನ್ನು ತಡೆಯುವುದು ಹೇಗೆ ಎಂದು ಎರಡು ವಾರದ ಹಿಂದೆ ಇಲ್ಲಿ ಕೇಳಿದ್ದೆ. ನಾನು ಮಾಡುತ್ತಿರುವುದು ಇಂಗ್ಲೆಂಡಿನ ಫೆಲಿಕ್ಸ್‌ಸ್ಟೋ ಬಂದರಿನ ಡಯೋರಾಮಾ (ಒಂದು ದೃಶ್ಯದ ಪುಟ್ಟ ಮಾದರಿ), ಎರಡನೇ ಮಹಾಯುದ್ಧದ ಕಾಲದ್ದು. 1/72 ಅಳತೆಯ (ನಿಜ ಗಾತ್ರದ 72ನೇ ಒಂದು ಭಾಗ) ಎರಡು ವೋಸ್ಪರ್ ಕಂಪನಿಯ ಟಾರ್ಪಿಡೊ ದೋಣಿಗಳು, ತಲಾ ಸುಮಾರು 30 ಸೆಂ.ಮೀ. ನೀರಿನಂತೆ ಕಾಣಲೆಂದು ಸುರಿದ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಪಾರದರ್ಶಕ ದ್ರವ) ದೋಣಿಯ ಪಕ್ಕಕ್ಕೆ ಅಂಟಿಕೊಂಡು ಮೇಲೇರುತ್ತಿತ್ತು.

ತೆಳು ಪದರವಾಗಿ ಸುರಿದು ನೋಡಿದೆ. ಗುಳ್ಳೆ ಕಡಿಮೆಯಾಯಿತು, ಏರುವುದು ನಿಲ್ಲಲಿಲ್ಲ. ವ್ಯಾಸಲೀನ್ ಹಚ್ಚಿದ್ದಂತೂ ಬಣ್ಣದ ಮೇಲೆ ಕಲೆ ಬಿಟ್ಟಿತು. ದಯವಿಟ್ಟು ಅದು ಬೇಡ.

ಕೆಲಸ ಮಾಡಿದ್ದು "ರೆಸಿನ್ ಬಿಟ್ಟುಬಿಡಿ" ಎಂಬ ಸಲಹೆ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್! ಮರದ ತುಂಡಿನ ಮೇಲೆ ಪೆನ್ಸಿಲ್ ಇಟ್ಟು, ದೋಣಿಯ ಸುತ್ತ ಎಳೆದು ನೀರಿನ ಮಟ್ಟ ಗುರುತು ಮಾಡಿದೆ. ಆ ಗುರುತಿನ ಕೆಳಗಿನ ಭಾಗ ಗರಗಸದಿಂದ ಕತ್ತರಿಸಿದೆ. ಫೋಮ್ ಹಲಗೆಗೆ ಕಡು ಹಸಿರು ಮಿಶ್ರಿತ ಕಂದು ಬಣ್ಣ, ಅದರ ಮೇಲೆ ದೋಣಿ, ಸುತ್ತ ಹೊಳಪಿನ ಅಕ್ರಿಲಿಕ್ ಜೆಲ್ (ಚಿತ್ರಕಲೆಯಲ್ಲಿ ಬಳಸುವ ದಪ್ಪ ಲೇಪ). ಹಚ್ಚಿದಾಗ ಹಾಲಿನಂತೆ ಬೆಳ್ಳಗಿತ್ತು, ಗಾಬರಿಯಾಯಿತು. ಮರುದಿನ ಪೂರ್ತಿ ತಿಳಿಯಾಗಿತ್ತು. ಒಣಗಿದಾಗ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಅಂಚಿಗೆ ಎರಡನೇ ಸಲ ಹಚ್ಚಬೇಕು.

ನನಗೆ ಹೊಳೆದೇ ಇರದ ವಿಷಯ ಒಂದಿದೆ. ಬಂದರಿನ ನೀರು ಕಲಕಿದ್ದು, ತಳ ಕಾಣುವುದಿಲ್ಲ ಅಲ್ವಾ? ನಾನು ಸುಮ್ನೆ ತಿಳಿನೀರಿನ ಹಿಂದೆ ಬಿದ್ದಿದ್ದೆ. ಕಟ್ಟಿ ನಿಲ್ಲಿಸಿದ ದೋಣಿಗೆ ನೊರೆಯೂ ಬೇಡ, ಸಣ್ಣ ಅಲೆ ಸಾಕು. ಈಗ ಹಗ್ಗ ಕಟ್ಟುವುದಷ್ಟೇ ಬಾಕಿ.