ಅಪ್‌ಡೇಟ್: ಮಾಳಿಗೆ ಮನೆಯ ದುರಸ್ತಿ ಖರ್ಚು

ಬಾಗಲಕೋಟೆಯ ನಮ್ಮ ಹಳೆಯ ಮಾಳಿಗೆ ಮನೆಯ ದುರಸ್ತಿಗೆ ಮೇಸ್ತ್ರಿ ಹೇಳಿದ್ದ 6 ಲಕ್ಷ ರೂಪಾಯಿ ಖರ್ಚು 9 ಲಕ್ಷದತ್ತ ಓಡುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೆನಲ್ಲ? ಉತ್ತರಿಸಿದವರಿಗೆಲ್ಲ ಧನ್ಯವಾದ.

ಕೆಲಸ ನಿಲ್ಲಿಸಿ, ಮೇಸ್ತ್ರಿಯೊಡನೆ ಕುಳಿತು ಕೂಲಿ ಬೇರೆ, ಸಾಮಗ್ರಿ ಬೇರೆ ಎಂದು ಬರೆಸಿದೆ. ಸಿಮೆಂಟ್, ಮರಳು ಈಗ ನಾನೇ ತರಿಸುತ್ತೇನೆ. ‘ಹೆಚ್ಚುವರಿ ಕೆಲಸ’ ಎಂಬ ಬಾಯಿಮಾತಿನ ಲೆಕ್ಕ ಅಲ್ಲಿಗೆ ಮುಗಿಯಿತು.

ದೊಡ್ಡ ಉಳಿತಾಯವಾದದ್ದು ಕೆಡವದೆ ಬಿಟ್ಟದ್ದರಲ್ಲಿ. ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಗಟ್ಟಿಯಾಗಿವೆ, ಬೇಸಿಗೆಗೆ ತಂಪು ಬೇರೆ. ಅವುಗಳಿಗೆ ಸುಣ್ಣದ ಗಾರೆಯನ್ನೇ ಹಾಕಿಸಿದೆವು. ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ಗೆದ್ದಲು ತಿಂದ ಜಂತಿಗಳನ್ನಷ್ಟೇ ಬದಲಿಸಿದೆವು. ಎಲ್ಲೆಡೆ ಇಳಕಲ್ ಗ್ರಾನೈಟ್ ಬೇಕೆಂದ ಅತ್ತಿಗೆಯನ್ನು ಅಡುಗೆಮನೆಯ ಕಟ್ಟೆಯೊಂದಕ್ಕೆ ಒಪ್ಪಿಸಿದ್ದೇವೆ (ಮುನಿಸು ಇನ್ನೂ ಇಳಿದಿಲ್ಲ). ಉಳಿದೆಡೆ ಶಹಾಬಾದ್ ಕಲ್ಲು. ಲೆಕ್ಕ ಏಳೂವರೆ ಲಕ್ಷಕ್ಕೆ ನಿಂತಿದೆ. ಬಣ್ಣ ದೀಪಾವಳಿಯ ನಂತರ.