ತರಕರಡಿ ದೊಡ್ಡದೋ, ಕುಂಬಾರ ಕಪ್ಪೆಯೋ

ಸುಬ್ರಾಯ ಮಾವ: (ಮನೆಯವರ ಗ್ರೂಪಿಗೆ ಫಾರ್ವರ್ಡ್ ವಿಡಿಯೊ: ತರಕರಡಿ, ಅಂದರೆ ಹನಿ ಬ್ಯಾಡ್ಜರ್, ಮತ್ತು ನಾಗರಹಾವು) ಧೈರ್ಯ ಅಂದ್ರೆ ಇದು. ಅಶ್ವಿನಿ ಮೊನ್ನೆ ಗ್ರೂಪಿನಲ್ಲಿ ಹಾಕಿದ ಆ ಕುಂಬಾರ ಕಪ್ಪೆಗೆ ಇದರ ಉಗುರಿನಷ್ಟೂ ತಾಕತ್ತಿಲ್ಲ.

ಅಶ್ವಿನಿ: ಮಾವ, ಕುಸ್ತಿಗೆ ಬಿಟ್ಟರೆ ಕಪ್ಪೆ ಸೋಲೋದೇ. ತರಕರಡಿಗೆ ಕಪ್ಪೆ ಸಿಕ್ಕರೆ ತಿಂದೇ ಬಿಡುತ್ತದೆ. ಅದರಲ್ಲಿ ಹೇಳೋದೇನಿದೆ?

ಗಣೇಶಣ್ಣ: ಅದರ ಚರ್ಮ ನೋಡಿದ್ಯಾ ಮಾರಾಯ್ತಿ? ದಪ್ಪ, ಆದರೆ ಸಡಿಲ. ಕುತ್ತಿಗೆಗೆ ಬಾಯಿ ಹಾಕಿದರೂ ಚರ್ಮದೊಳಗೇ ಹೊರಳಿ ತಿರುಗಿ ಕಚ್ಚುತ್ತದೆ. ನಾಗರಹಾವಿನ ವಿಷವನ್ನೂ ಸುಮಾರು ತಡೆದುಕೊಳ್ಳುತ್ತದೆ. ನಮ್ಮ ಕಾವೇರಿ ವನ್ಯಧಾಮದಲ್ಲೂ ಕ್ಯಾಮೆರಾಗೆ ಸಿಕ್ಕಿದೆ.

ಅಶ್ವಿನಿ: ಇಲ್ಲ ಅಂದವರು ಯಾರಣ್ಣ? ಆದರೆ ನಮ್ಮ ಕತ್ತಲೆಕಾನು ಕಾಡಿನ ಹಳ್ಳದಲ್ಲಿ ರಾತ್ರಿ ಈ ಕಪ್ಪೆ ಮಾಡೋ ಕೆಲಸ ನೋಡು. ಹೆಣ್ಣು ನೀರಿನ ಮೇಲಿರೋ ಕಡ್ಡಿಗೋ ಬಂಡೆಗೋ ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ಹಿಂಗಾಲ ಮೇಲೆ ಎದ್ದು ನಿಂತು, ಮುಂಗಾಲಲ್ಲಿ ಕೆಸರು ತೆಗೆದು, ಮೊಟ್ಟೆ ಪೂರ್ತಿ ಮುಚ್ಚೋ ತನಕ ಮೆತ್ತುತ್ತಲೇ ಇರುತ್ತದೆ. ಇದು ಹೊಸ ಪ್ರಭೇದ ಅಂತ ಹೆಸರಿಟ್ಟಿದ್ದೇ 2014ರಲ್ಲಿ. ನಮ್ಮ ಮನೆ ಹಿಂದೆ ಕೂಗುತ್ತಿದ್ದದ್ದು ಇಷ್ಟು ವರ್ಷ ಲೆಕ್ಕಕ್ಕೇ ಇರಲಿಲ್ಲ.

ಶಾರದತ್ತೆ: ಗಂಡು ಮೆತ್ತೋದಾ! ಹೆಣ್ಣು?

ಅಶ್ವಿನಿ: ಮೊಟ್ಟೆ ಇಟ್ಟು ಹೊರಡುತ್ತದೆ ಅತ್ತೆ. ತರಕರಡಿಯಲ್ಲಿ ಉಲ್ಟಾ. ಹೆಚ್ಚಾಗಿ ಒಂದೇ ಮರಿ, ತಾಯಿ ಒಬ್ಬಳೇ ವರ್ಷಕ್ಕೂ ಜಾಸ್ತಿ ಜೊತೆಗಿಟ್ಟುಕೊಂಡು ಬೇಟೆ ಕಲಿಸಬೇಕು.

ಶಾರದತ್ತೆ: ಹಾಗಾದರೆ ನನ್ನ ಓಟು ಕಪ್ಪೆಗೆ.

ಸುಬ್ರಾಯ ಮಾವ: ಓಟಿನಿಂದ ಶಕ್ತಿ ಬರೋದಿಲ್ಲ. ಬದುಕಿ ಉಳಿಯೋದು ಯಾವುದು ಹೇಳು.

ಅಶ್ವಿನಿ: ತರಕರಡಿಯೇ ಮಾವ, ಅದಕ್ಕೇ ನನಗೆ ಕಪ್ಪೆಯ ಚಿಂತೆ. ಆ ಪ್ರಾಣಿ ಆಫ್ರಿಕಾದಿಂದ ಭಾರತದವರೆಗೂ ಹಬ್ಬಿದೆ, ಮರಳುಗಾಡಾದರೂ ಸೈ, ಕುರುಚಲು ಕಾಡಾದರೂ ಸೈ. ಕಪ್ಪೆಗೆ ನಮ್ಮ ಘಟ್ಟದ ಹರಿಯೋ ಹಳ್ಳವೇ ಬೇಕು, ಮೇಲೆ ನೆರಳು, ಕೆಳಗೆ ಕೆಸರು. ಹಳ್ಳಕ್ಕೆ ಪಂಪಿಟ್ಟು ನೀರೆಲ್ಲ ತೋಟಕ್ಕೆ ಎಳೆದರೆ ಅದು ಎಲ್ಲಿಗೆ ಹೋಗಬೇಕು?

ಸುಬ್ರಾಯ ಮಾವ: ಪಂಪಿನ ಸುದ್ದಿ ಯಾಕೆ ಬಂತು ಈಗ? ಅಡಿಕೆಗೆ ನೀರು ಬೇಡ್ವಾ?

ಅಶ್ವಿನಿ: ಬೇಕು. ಆದರೆ ಹಳ್ಳ ಒಣಗೋ ತನಕ ಎಳೆಯೋದು ಬೇಡ ಅಂದೆ ಅಷ್ಟೇ.

ಗಣೇಶಣ್ಣ: ಅದು ಆಮೇಲೆ. ಶನಿವಾರ ರಾತ್ರಿ ಟಾರ್ಚ್ ಹಿಡಿದು ಹೋಗೋಣ, ಮಕ್ಕಳನ್ನೂ ಕರ್ಕೊಂಡು ಬರ್ತೇನೆ.

ಅಶ್ವಿನಿ: ಗುಂಪು ಬೇಡ ಅಣ್ಣ. ನೀರಿಗಿಳಿದರೆ ಮೊಟ್ಟೆ ಕಾಲಿಗೆ ಸಿಕ್ಕಿ ಹೋಗುತ್ತವೆ. ನಾಲ್ಕು ಜನ ಸಾಕು, ದಂಡೆಯಲ್ಲೇ ನಿಂತು ನೋಡೋದು.

ಸುಬ್ರಾಯ ಮಾವ: ನಾನೂ ಬರ್ತೇನೆ. ಪಂಪಿನ ಮಾತು ಎತ್ತಬಾರದು.