ಗಾಲ್ಫ್ ಬಾಲ್ ಯಾವುದು ತಗೊಳ್ಳಲಿ? ಪೊದೆಗೇ ದುಡ್ಡು ಸುರಿದ ಹಾಗಿದೆ

ದ್ರಾಕ್ಷಿತೋಟ_ಚಿಕ್ಕಬಳ್ಳಾಪುರ
ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದ ಹತ್ತಿರ ನಮ್ಮದು ದ್ರಾಕ್ಷಿ ತೋಟ. ಗಾಲ್ಫ್ ಹುಚ್ಚು ಹೋದ ವರ್ಷದಿಂದ ಹತ್ತಿದೆ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಕಡೆ ಸ್ನೇಹಿತರೊಬ್ಬರ ಜೊತೆ ಆಡುತ್ತೇನೆ. ಹದಿನೆಂಟು ಹೋಲ್ ಮುಗಿಯುವಷ್ಟರಲ್ಲಿ ನೂರಹತ್ತರ ಆಸುಪಾಸು ಹೊಡೆತ. ಡ್ರೈವರ್ (ದೂರ ಹೊಡೆಯುವ ಉದ್ದನೆ ಕ್ಲಬ್) ಹಿಡಿದರೆ ಬಾಲ್ ಬಲಕ್ಕೆ ಬಾಗಿ ಪೊದೆ ಸೇರುತ್ತದೆ.

ಸ್ನೇಹಿತರು ಟೈಟ್ಲಿಸ್ಟ್ ಪ್ರೊ ವಿ1 ಬಿಟ್ಟು ಬೇರೆ ಮುಟ್ಟಬೇಡಿ ಅನ್ನುತ್ತಾರೆ. ಅಂಗಡಿಯವನು, ನಿಮ್ಮ ಸ್ವಿಂಗ್ ನಿಧಾನ, ಮೆತ್ತಗಿನ ಬಾಲೇ ಆಗಬೇಕು ಅಂದ. ಬ್ಯಾಗ್ ಹೊರುವ ಕ್ಯಾಡಿ ಹುಡುಗರು ಹಳೇ ಬಾಲ್ ಮಾರುತ್ತಾರೆ, ಅದು ನಂಬಬಹುದಾ? ತಿಂಗಳಿಗೆ ಒಂದೂವರೆ ಸಾವಿರ ದಾಟುವ ಹಾಗಿಲ್ಲ. "ಆ ದುಡ್ಡಲ್ಲಿ ತೋಟಕ್ಕೆ ಒಂದು ಸಲ ಔಷಧಿ ಹೊಡೆಸಬಹುದು" ಅಂತ ಮನೆಯವಳು ಆಗಲೇ ಶುರು ಮಾಡಿದ್ದಾಳೆ.

ತುಮಕೂರು_ಸ್ಲೈಸ್
ಕ್ಯಾಲವೇ ಸೂಪರ್‌ಸಾಫ್ಟ್. ಕಣ್ಣು ಮುಚ್ಚಿ ತಗೊಳ್ಳಿ, ಮುಂದಿನ ಪ್ರಶ್ನೆ ಕೇಳಿ.

ಕೆಜಿಎಫ್_ಹಳೇಕ್ಯಾಡಿ
ಸಾರ್, ನಾನು ಕೆಜಿಎಫ್‌ನವನು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಹುಡುಗನಾಗಿ ಅಲ್ಲಿ ಸಾಹೇಬರ ಬ್ಯಾಗ್ ಹೊತ್ತಿದ್ದೇನೆ. 2001ರಲ್ಲಿ ಗಣಿ ಮುಚ್ಚಿತು, ಈ ಚಟ ಮಾತ್ರ ಬಿಡಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಿಯಮದ ಪ್ರಕಾರ ಬಾಲ್ 45.93 ಗ್ರಾಂಗಿಂತ ಭಾರ ಇರಬಾರದು, ಅಡ್ಡಳತೆ 42.67 ಮಿ.ಮೀ.ಗಿಂತ ಕಡಿಮೆ ಇರಬಾರದು. ಎಷ್ಟು ದೂರ ಹೋಗಬಹುದು ಅನ್ನುವುದಕ್ಕೂ ಮಿತಿ ಇದೆ. ಹಾಗಾಗಿ ಡಬ್ಬದ ಮೇಲೆ 'ಎಲ್ಲಕ್ಕಿಂತ ದೂರ' ಅಂತ ಬರೆದಿದ್ದರೆ ಸುಮ್ನೆ ನಕ್ಕುಬಿಡಿ. ವ್ಯತ್ಯಾಸ ಇರುವುದು ಒಳಗಿನ ಪದರದಲ್ಲಿ, ಹೊರಗಿನ ಸಿಪ್ಪೆಯಲ್ಲಿ.

ಎರಡು ಪದರದ ಬಾಲಿನಲ್ಲಿ ಒಳಗೆ ದೊಡ್ಡ ರಬ್ಬರ್ ಉಂಡೆ, ಮೇಲೆ ಅಯಾನೊಮರ್ ಅನ್ನುವ ಗಟ್ಟಿ ಸಿಪ್ಪೆ. ಕಮ್ಮಿ ತಿರುಗುತ್ತದೆ, ಕಲ್ಲಿಗೆ ಬಡಿದರೂ ಬೇಗ ಗಾಯ ಆಗಲ್ಲ. ಪ್ರೊ ವಿ1 ಮೂರು ಪದರದ್ದು, ಸಿಪ್ಪೆ ಯುರೆಥೇನ್. ಮೆತ್ತಗಿರುವುದರಿಂದ ವೆಜ್ಜಿನ (ಹತ್ತಿರದಿಂದ ಎತ್ತಿ ಹೊಡೆಯುವ ಕ್ಲಬ್) ಮುಖದ ಗೀರುಗಳು ಅದನ್ನು ಕಚ್ಚಿ ಹಿಡಿಯುತ್ತವೆ, ಬಾಲ್ ಗ್ರೀನ್ (ಹೋಲ್ ಸುತ್ತಲಿನ ನುಣ್ಣನೆ ಹುಲ್ಲು) ಮೇಲೆ ಬಿದ್ದು ಬೇಗ ನಿಲ್ಲುತ್ತದೆ. ದುಡ್ಡು ಕೊಡುವುದೇ ಅದಕ್ಕೆ. ಡ್ರೈವರ್ ಹೊಡೆತದಲ್ಲಿ ನಮ್ಮಂಥವರಿಗೆ ಎರಡೂ ಹೆಚ್ಚು ಕಮ್ಮಿ ಒಂದೇ. ಇನ್ನು ಬಲಕ್ಕೆ ಬಾಗುವುದು ಕ್ಲಬ್ಬಿನ ಮುಖ ತೆರೆದುಕೊಂಡಿರುವುದಕ್ಕೆ. ಕಮ್ಮಿ ತಿರುಗುವ ಬಾಲ್ ಅದನ್ನು ಒಂದಿಷ್ಟು ತಗ್ಗಿಸಬಹುದು, ವಾಸಿ ಮಾಡಲ್ಲ.

ಆದ್ದರಿಂದ ಬಾಲ್ ಆರಿಸುವುದನ್ನು ಟೀಯಿಂದ (ಮೊದಲ ಹೊಡೆತದ ಜಾಗ) ಅಲ್ಲ, ಗ್ರೀನಿಂದ ಶುರು ಮಾಡಿ. ಎರಡು ಜಾತಿಯದು ಒಂದೊಂದು ಸ್ಲೀವ್ ತನ್ನಿ, ಮೂರು ಮೂರು ಬಾಲ್ ಸಿಗುತ್ತವೆ. ಮೂವತ್ತು ಗಜದಿಂದ ಅದಲು ಬದಲು ಮಾಡಿ ಚಿಪ್ ಮಾಡಿ, ಅಂದರೆ ಮೆಲ್ಲಗೆ ಎತ್ತಿ ಗ್ರೀನ್ ಮೇಲೆ ಹಾಕಿ. ಬಿದ್ದ ಗುರುತಿನಿಂದ ಎಷ್ಟು ಉರುಳಿತು ನೋಡಿ. ಆಮೇಲೆ ಪಟ್ ಮಾಡಿ, ಅಂದರೆ ಹೋಲ್ ಕಡೆ ಉರುಳಿಸಿ. ಗಟ್ಟಿ ಬಾಲ್ 'ಟಕ್' ಅನ್ನುತ್ತದೆ, ಮೆತ್ತಗಿನದು 'ತಪ್' ಅನ್ನುತ್ತದೆ. ಯಾವ ಸದ್ದು ನಿಮ್ಮ ಕೈಗೆ ಒಗ್ಗುತ್ತದೋ ಅದು. ಅಂಗಡಿಯವನು ಹೇಳಿದ ಮೆತ್ತಗಿನ ಕಥೆ ಇಷ್ಟೇ. ಸ್ವಿಂಗ್ ನಿಧಾನ ಅಂತ ಮೆತ್ತಗಿನದೇ ಆಗಬೇಕು ಅಂತೇನಿಲ್ಲ. ಚಿಪ್ಪಿನಲ್ಲಿ ವ್ಯತ್ಯಾಸ ಕಾಣದೆ ಹೋದರೆ ಎರಡು ಪದರದ್ದೇ ಸಾಕು. ಸ್ರಿಕ್ಸನ್ ಸಾಫ್ಟ್ ಫೀಲ್ ನೋಡಿ, ತುಮಕೂರಿನವರು ಹೇಳಿದ ಸೂಪರ್‌ಸಾಫ್ಟೂ ಆದೀತು. ಒಂದು ಡಜನ್ ಪ್ರೊ ವಿ1 ಬೆಲೆಗೆ ಇವು ಹತ್ತಿರ ಹತ್ತಿರ ಎರಡು ಡಜನ್ ಬರುತ್ತವೆ. ಆರಿಸಿದ ಮೇಲೆ ಅದನ್ನೇ ಆಡಿ. ಸಿಕ್ಕಸಿಕ್ಕಿದ್ದು ಆಡಿದರೆ ಚಿಪ್ಪಿನ ಅಳತೆ ಕೈಗೆ ಕೂರುವುದೇ ಇಲ್ಲ.

ದುಬಾರಿ ಬಾಲ್ ಇಟ್ಟುಕೊಂಡು ಕೆರೆ ದಾಟಿಸುವವರನ್ನು ಎಷ್ಟೋ ನೋಡಿದ್ದೇನೆ. ಭುಜ ಬಿಗಿಯಾಗುತ್ತದೆ, ಹೊಡೆತ ಅರ್ಧಕ್ಕೇ ನಿಲ್ಲುತ್ತದೆ, ಬಾಲ್ ನೇರ ನೀರಿಗೆ. ಕಳೆದುಹೋದರೂ ಹೊಟ್ಟೆ ಉರಿಯಬಾರದು, ಅಂಥದ್ದು ತಗೊಳ್ಳಿ.

ಹಳೇ ಬಾಲ್ ಧಾರಾಳವಾಗಿ ತಗೊಳ್ಳಿ, ಆದರೆ ಬರೀ ತೊಳೆದದ್ದು. ಮತ್ತೆ ಬಣ್ಣ ಹೊಡೆದು ಹೆಸರು ಒತ್ತಿದ್ದು ಬೇಡ. ಬಿಸಿಲಿಗೆ ಹಿಡಿದು ಗುಳಿಗಳ ಅಂಚಿಗೆ ಉಗುರು ತಾಗಿಸಿ ನೋಡಿ. ಅಂಚು ಮೊಂಡಾಗಿ, ಗುಳಿಯೊಳಗೆ ಬಣ್ಣ ದಪ್ಪಗೆ ನಿಂತಿದ್ದರೆ ವಾಪಸ್ ಕೊಡಿ. ಒಳಗೆ ಯಾವ ಬಾಲ್ ಇದೆಯೋ ದೇವರೇ ಬಲ್ಲ.

ಕೋಲಾರ_ಭಾನುವಾರ
ಹಳೇಕ್ಯಾಡಿ ಅವರೇ, ಒಂದು ಮಾತು ಒಪ್ಪಲ್ಲ. ಶುರುವಿನಲ್ಲೇ ಯುರೆಥೇನ್ ಆಡಿದರೆ ಗ್ರೀನ್ ಸುತ್ತಲಿನ ಆಟ ಸರಿಯಾಗಿ ಕೂರುತ್ತದೆ. ಮೊದಲು ಉರುಳಿಸುವುದು ಕಲಿತು ಆಮೇಲೆ ನಿಲ್ಲಿಸುವುದು ಕಲಿಯೋದು ಡಬಲ್ ಕೆಲಸ ಅಲ್ವಾ? ಪ್ರೊ ವಿ1 ಅಂತಲ್ಲ, ಸ್ರಿಕ್ಸನ್ ಕ್ಯೂ-ಸ್ಟಾರ್ ಟೂರ್, ಟೇಲರ್‌ಮೇಡ್ ಟೂರ್ ರೆಸ್ಪಾನ್ಸ್ ಕೂಡ ಮೂರು ಪದರದ ಯುರೆಥೇನೇ. ಬೆಲೆ ಕಮ್ಮಿ.

ಕೆಜಿಎಫ್_ಹಳೇಕ್ಯಾಡಿ
ನಿಮ್ಮ ಮಾತಲ್ಲೂ ಹುರುಳಿದೆ. ಆದರೆ ಇವರ ಬಾಲ್ ಗ್ರೀನ್ ತಲುಪುವ ಮೊದಲೇ ಪೊದೆ ಸೇರುತ್ತಿದೆಯಲ್ಲ ಸಾರ್! ನೂರರ ಒಳಗೆ ಬರಲಿ, ಆಗ ಕ್ಯೂ-ಸ್ಟಾರ್.

ದ್ರಾಕ್ಷಿತೋಟ_ಚಿಕ್ಕಬಳ್ಳಾಪುರ
ಇಬ್ಬರಿಗೂ ಧನ್ಯವಾದ. ಸಾಫ್ಟ್ ಫೀಲ್ ಒಂದು ಸ್ಲೀವ್, ಕ್ಯೂ-ಸ್ಟಾರ್ ಒಂದು ಸ್ಲೀವ್ ತಂದು ಚಿಪ್ ಮಾಡಿ ನೋಡುತ್ತೇನೆ. ಕೊನೇದಾಗಿ, ಬಣ್ಣ ಯಾವುದು? ಹಳದಿ ಬೇಗ ಕಾಣುತ್ತೆ ಅಂತಾರೆ.

ಕೆಜಿಎಫ್_ಹಳೇಕ್ಯಾಡಿ
ಮಳೆಗಾಲದ ಹಸಿರಲ್ಲಿ ಹಳದಿ ಸರಿ. ನಮ್ಮ ಕಡೆ ಮಾರ್ಚ್ ಬಂದರೆ ರಫ್ (ಅಂಚಿನ ಉದ್ದ ಹುಲ್ಲು) ಒಣಗಿ ರಾಗಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಆಗ ಬಿಳಿಯೇ ವಾಸಿ. ಕಳೆದ ಬಾಲ್ ಹುಡುಕುವುದಕ್ಕೆ ನಿಯಮದಲ್ಲಿ 2019ರಿಂದ ಮೂರೇ ನಿಮಿಷ, ಮೊದಲಿನ ಹಾಗೆ ಐದಲ್ಲ. ಸ್ಕೆಚ್ ಪೆನ್ನಲ್ಲಿ ನಿಮ್ಮದೊಂದು ಗುರುತು ಹಾಕಿಟ್ಟುಕೊಳ್ಳಿ. ಇಲ್ಲದಿದ್ದರೆ ನಿಮ್ಮ ಬಾಲ್ ಇನ್ನೊಬ್ಬರ ಜೇಬಿಗೆ.